ಸ್ನೋ ಬೀಳೋ ಊರಲ್ಲಿ ತೂಕ ಇಳಿಸಿದ್ದು ಹೇಗೆ: ಸಂಜೆ ಐದೂವರೆ ಊಟದ ನನ್ನ ಅನುಭವ

ನಾವಿರೋದು ಅಮೆರಿಕದ ಮಿನ್ನೆಸೋಟದಲ್ಲಿ, ಮಿನಿಯಾಪೊಲಿಸ್‌ನಿಂದ ಅರ್ಧ ಗಂಟೆ ದೂರದ ಮೇಪಲ್ ಗ್ರೋವ್‌ನಲ್ಲಿ. ನಾನು, ನಮ್ಮನೆಯವ್ರು, ಹತ್ತು ವರ್ಷದ ಮಗಳು, ಆರು ವರ್ಷದ ಮಗ, ಮತ್ತೆ ಆ ವರ್ಷ ತಿಪಟೂರಿಂದ ಆರು ತಿಂಗಳಿಗೆ ಅಂತ ಬಂದಿದ್ದ ನಮ್ಮತ್ತೆ. ಇಲ್ಲಿ ಸ್ನೋ ನವೆಂಬರ್‌ನಲ್ಲಿ ಶುರುವಾದ್ರೆ ಏಪ್ರಿಲ್ ತನಕ ಬೀಳ್ತಾನೇ ಇರತ್ತೆ, ಸರಾಸರಿ ವರ್ಷಕ್ಕೆ 50 ಇಂಚಿಗಿಂತ ಸ್ವಲ್ಪ ಜಾಸ್ತಿ. ನಾನು ತೂಕ ಇಳಿಸೋಕೆ ಹೊರಟಿದ್ದು 2022-23ರ ಚಳಿಗಾಲದಲ್ಲಿ, ಆ ಸಲ ಮಿನಿಯಾಪೊಲಿಸ್-ಸೇಂಟ್ ಪಾಲ್ ಜೋಡಿ ನಗರ, ಅಂದ್ರೆ ಟ್ವಿನ್ ಸಿಟೀಸ್‌ನಲ್ಲಿ 90 ಇಂಚು ದಾಟಿಬಿಡ್ತು, ಲೆಕ್ಕ ಇಡೋಕೆ ಶುರು ಮಾಡಿದಾಗಿಂದ ಮೂರನೇ ಅತಿ ಹೆಚ್ಚು ಸ್ನೋ ಅಂತೆ. ಅಂಥ ಚಳಿಗಾಲದಲ್ಲಿ ತೂಕ ಇಳೀತಾ ಅಂತ ಊರಿಂದ ಫೋನ್ ಮಾಡೋರೆಲ್ಲಾ ಕೇಳ್ತಾರೆ, ಇಲ್ಲಿ ಹೊಸದಾಗಿ ಬಂದಿರೋ ಕನ್ನಡದವ್ರೂ ಕೇಳ್ತಾರೆ, ಯಾವ ಡಯಟ್ಟು ಯಾವ ಜಿಮ್ಮು ಅಂತ. ಡಯಟ್ಟೂ ಅಲ್ಲ ಜಿಮ್ಮೂ ಅಲ್ಲ, ನಮ್ಮನೇಲಿ ಬದಲಾಗಿದ್ದು ಊಟದ ಹೊತ್ತು. ಅದನ್ನ ಸ್ವಲ್ಪ ವಿವರವಾಗಿ ಬರೀತೀನಿ, ಯಾಕಂದ್ರೆ ಚಳಿ ಊರಲ್ಲಿರೋ ನಮ್ಮ ಮನೆಗಳಿಗೆಲ್ಲಾ ಇದು ಉಪಯೋಗಕ್ಕೆ ಬರತ್ತೆ ಅನ್ನೋ ನಂಬಿಕೆ ನನಗಿದೆ.

ಅಕ್ಟೋಬರ್‌ನಲ್ಲಿ ವರ್ಷದ ಚೆಕಪ್ ಮಾಡಿಸಿದಾಗ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ರಕ್ತ ಪರೀಕ್ಷೆ ಎಚ್‌ಬಿಎ1ಸಿ 5.9 ಬಂತು. 5.7ರಿಂದ 6.4ರ ಒಳಗಿದ್ರೆ ಪ್ರೀಡಯಾಬಿಟಿಸ್, ಅಂದ್ರೆ ಸಕ್ಕರೆ ಕಾಯಿಲೆಯ ಹಿಂದಿನ ಹಂತ ಅಂತಾರೆ. ನಮ್ಮಪ್ಪಂಗೆ ಸಕ್ಕರೆ ಕಾಯಿಲೆ ಇದೆ, ದೊಡ್ಡಪ್ಪಂಗೂ ಇತ್ತು, ಹಾಗಾಗಿ ನನಗೆ ಆ ನಂಬರ್ ನೋಡಿ ನಿದ್ದೆ ಬರ್ಲಿಲ್ಲ. ನನ್ನ ಎತ್ತರ 158 ಸೆಂಟಿಮೀಟರ್, ತೂಕ 68 ಕೇಜಿ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 27ರ ಮೇಲೆ. ಇಲ್ಲಿಯವ್ರ ಲೆಕ್ಕದಲ್ಲಿ ಅದು ಸ್ವಲ್ಪ ಜಾಸ್ತಿ ಅಷ್ಟೇ, ಆದ್ರೆ ನಮ್ಮ ಮೈಕಟ್ಟಿಗೆ ಆ ಲೆಕ್ಕ ಹೊಂದಲ್ಲ, ಭಾರತದವ್ರಿಗೆ 23 ದಾಟಿದ್ರೇನೇ ತೂಕ ಜಾಸ್ತಿ, 25 ದಾಟಿದ್ರೆ ಬೊಜ್ಜು ಅಂತ ನಮ್ಮ ಕಡೆ ಡಾಕ್ಟರುಗಳು ಹೇಳೋದು, ಹೊಟ್ಟೆ ಸುತ್ತ ಬೊಜ್ಜು ಬೇಗ ಸೇರೋದ್ರಿಂದ ಹೆಂಗಸ್ರಿಗೆ ಸೊಂಟ 80 ಸೆಂಟಿಮೀಟರ್ ಒಳಗಿರ್ಬೇಕು, ಗಂಡಸ್ರಿಗೆ 90. ನಮ್ಮ ಡಾಕ್ಟರಮ್ಮ ಒಂದು ಒಳ್ಳೆ ಮಾತು ಹೇಳಿದ್ರು. 2002ರಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ ತೂಕದ ಬರೀ 7% ಇಳಿಸೋ ಗುರಿ, ವಾರಕ್ಕೆ 150 ನಿಮಿಷ ನಡಿಗೆ, ಇಷ್ಟರಲ್ಲೇ ಡಯಾಬಿಟಿಸ್ ಬರೋ ಅಪಾಯ 58% ಕಮ್ಮಿ ಆಗಿದ್ದು ಕಂಡುಬಂತಂತೆ. 68 ಕೇಜಿಯ 7% ಅಂದ್ರೆ ಐದು ಕೇಜಿ ಕೂಡ ಆಗಲ್ಲ. ಇಪ್ಪತ್ತು ಕೇಜಿ ಇಳಿಸಿ ಅಂದಿದ್ರೆ ಕೈ ಚೆಲ್ಲಿ ಕೂತುಬಿಡ್ತಿದ್ನೇನೋ, ಐದು ಕೇಜಿ ಅಂದಾಗ ಇದು ಮನೇಲೇ ಆಗೋ ಕೆಲಸ ಅನ್ನಿಸ್ತು.

ಮೊದಲು ನಾನು ಮಾಡಿದ್ದು ಏನನ್ನೂ ಬಿಡದೆ, ಏನು ತಿಂತೀವಿ ಎಷ್ಟೊತ್ತಿಗೆ ತಿಂತೀವಿ ಅಂತ ಬರೆದಿಟ್ಟಿದ್ದು. ಫ್ರಿಡ್ಜ್ ಮೇಲೆ ಒಂದು ಹಾಳೆ ಅಂಟಿಸಿ ಪೆನ್ನು ಕಟ್ಟಿದ್ದೆ. ಒಂದು ವಾರ ಆದ್ಮೇಲೆ ನೋಡಿದ್ರೆ ಬೆಳಗ್ಗೆ ತಿಂಡಿ ಪರವಾಗಿಲ್ಲ, ಮಧ್ಯಾಹ್ನದ ಡಬ್ಬೀನೂ ಪರವಾಗಿಲ್ಲ, ರಾತ್ರಿ ಊಟಾನೂ ಅಂಥ ಜಾಸ್ತಿ ಅಲ್ಲ, ಆದ್ರೆ ಮಕ್ಕಳು ಸ್ಕೂಲ್ ಬಸ್ ಇಳಿಯೋ ನಾಕು ಗಂಟೆಯಿಂದ ನಾವು ಊಟಕ್ಕೆ ಕೂರೋ ಎಂಟೂವರೆ ತನಕ ಹಾಳೆ ತುಂಬಿಹೋಗಿತ್ತು. ಎರಡು ನಿಪ್ಪಟ್ಟು, ಒಂದು ಮುಷ್ಟಿ ಮಿಕ್ಸ್ಚರ್, ಸಕ್ಕರೆ ಹಾಕಿದ ಟೀ ಎರಡು ಲೋಟ, ಮಗ ಬಿಟ್ಟ ಮ್ಯಾಗಿ ನಾಕು ತುತ್ತು, ಇಷ್ಟು ಸೇರಿದ್ರೆ ಆರಾಮಾಗಿ 500-600 ಕ್ಯಾಲೊರಿ, ಅಂದ್ರೆ ಒಂದು ಪೂರ್ತಿ ಊಟ. ಅದಾದ್ಮೇಲೆ ಮತ್ತೆ ಅನ್ನ ಸಾರು ಪಲ್ಯ.

ಇದು ಯಾಕೆ ಹೀಗಾಗತ್ತೆ ಅಂತ ಯೋಚ್ನೆ ಮಾಡಿದೆ. ಬೆಂಗಳೂರಲ್ಲಿ ಡಿಸೆಂಬರ್‌ನಲ್ಲೂ ಆರು ಗಂಟೆ ತನಕ ಬೆಳಕಿರತ್ತೆ, ಐದಕ್ಕೆ ಕಾಫಿ ಕುಡಿದು ಸೊಪ್ಪು ತರೋಕೋ ದೇವಸ್ಥಾನಕ್ಕೋ ಒಂದು ಸುತ್ತು ಹೋಗ್ತೀವಿ, ಮಕ್ಕಳು ಬೀದೀಲಿ ಆಡ್ತಾರೆ, ಕುರುಕಲು ತಿನ್ನೋಕೆ ಸಿಗೋದು ಒಂದು ಗಂಟೆ ಹೊತ್ತು. ಇಲ್ಲಿ ನವೆಂಬರ್ ಮೊದಲ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ಮೇಲೆ ಸಂಜೆ ಅನ್ನೋದೇ ಇರಲ್ಲ, ಡಿಸೆಂಬರ್ ಮಧ್ಯಕ್ಕೆ ಬಂದ್ರೆ ನಾಕೂವರೆಗೆ ಸೂರ್ಯ ಮುಳುಗಿರ್ತಾನೆ, ಬಾಗಿಲು ಹಾಕಿದ್ರೆ ಮುಗೀತು, ಎಲ್ಲರೂ ಅಡುಗೆಮನೆ ಸುತ್ತಾನೇ. ಹಳೇ ಅಭ್ಯಾಸ ಹಾಗೇ ಇದೆ, ಅದಕ್ಕೆ ಸಿಗೋ ಹೊತ್ತು ಮಾತ್ರ ಒಂದು ಗಂಟೆ ಹೋಗಿ ನಾಕು ಗಂಟೆ ಆಗಿದೆ. ಚಳಿಗೆ ಹಸಿವು ಜಾಸ್ತಿ ಅಂತಾರಲ್ಲ, ನನ್ನ ಪ್ರಕಾರ ನಮ್ಮಂಥ ಹೀಟರ್ ಹಾಕಿರೋ ಮನೆಗಳಲ್ಲಿ ಅದು ಚಳಿಯ ಹಸಿವಲ್ಲ, ಕತ್ತಲೆಯ ಹಸಿವು.

ದಾರಿ ತೋರಿಸಿದ್ದು ನಮ್ಮತ್ತೆ. ಅವ್ರು ತಿಪಟೂರಲ್ಲಿ ಸಂಜೆ ಆರೂವರೆಗೆ ದೇವರ ಮುಂದೆ ದೀಪ ಹಚ್ಚೋರು, ಇಲ್ಲಿ ಬಂದ್ಮೇಲೆ ಗಡಿಯಾರ ಒಂದು ಹೇಳತ್ತೆ ಕಿಟಕಿ ಒಂದು ಹೇಳತ್ತೆ. ಒಂದಿನ ಕೇಳಿದ್ರು, "ನಾಕೂವರೆಗೇ ಕತ್ಲಾಗೋಯ್ತಲ್ಲಮ್ಮಾ, ದೀಪ ಈಗ್ಲೇ ಹಚ್ಲಾ, ಇಲ್ಲ ಆರೂವರೆಗಾ?"

"ಕತ್ಲಾದ್ಮೇಲೆ ಇನ್ನೇನತ್ತೆ, ಈಗ್ಲೇ ಹಚ್ಚಿ," ಅಂದೆ.

"ದೀಪ ಹಚ್ಚಿ ಒಂದು ಗಂಟೆಗೆಲ್ಲಾ ನಮ್ಮ ಕಡೆ ಊಟಕ್ಕಿಡೋರು ಗೊತ್ತಾ, ನಾನು ಚಿಕ್ಕೋಳಿದ್ದಾಗ. ಕರೆಂಟ್ ಎಲ್ಲಿತ್ತು ಆಗ. ಏಳೂವರೆಗೆ ಅಡುಗೆಮನೆ ಸಾರಿಸಿ ಮುಗಿಸಿಬಿಡೋರು ನಮ್ಮಮ್ಮ."

ನನಗೆ ಆಗ್ಲೇ ತಲೇಲಿ ಹೊಳೆದಿದ್ದು. "ಹಂಗಾದ್ರೆ ಇಲ್ಲೂ ಹಂಗೇ ಮಾಡೋಣ ಅತ್ತೆ. ನಾಕೂವರೆಗೆ ದೀಪ, ಐದೂವರೆಗೆ ಊಟ. ಮಧ್ಯ ಕೋಡುಬಳೆ ಡಬ್ಬ ತೆಗೆಯೋದೇ ಬೇಡ."

"ಮಕ್ಳು ಸ್ಕೂಲಿಂದ ಬಂದೋರು ಬಿಸಿಬಿಸಿ ಏನಾದ್ರೂ ತಿನ್ಬೇಡ್ವೇನಮ್ಮಾ ಈ ಚಳೀಲಿ?"

"ತಿನ್ಲಿ ಅತ್ತೆ, ನೀವು ಬಿಸಿಬಿಸಿ ಮಾಡೋದೇ ಅವ್ರ ಊಟ ಆಗ್ಲಿ ಅಂತಿದೀನಿ."

ಅತ್ತೆಗೆ ಅದು ಒಪ್ಪಿಗೆಯಾಯ್ತು. ಹೊರಗಡೆ ಮೈನಸ್ಸು, ಮೊಮ್ಮಕ್ಕಳು ಕೆಂಪು ಮೂಗು ಮಾಡ್ಕೊಂಡು ಬಸ್ ಇಳಿದು ಬರ್ತಾರೆ, ಆ ಹೊತ್ತಲ್ಲಿ ಒಲೆ ಮುಂದೆ ನಿಂತು ಬಿಸಿ ಬಡಿಸೋದು ಅಜ್ಜಿಗೆ ದೊಡ್ಡ ಸಂತೋಷ, ಅದನ್ನ ಬೇಡ ಅಂದ್ರೆ ಅವ್ರ ಮನಸ್ಸೂ ನೋಯತ್ತೆ ನಮ್ಮ ಮನೆಯ ಶಾಂತೀನೂ ಹೋಗತ್ತೆ. ತೂಕ ಇಳಿಸೋರು ಮನೇಲಿ ಹಿರಿಯರ ಜೊತೆ ಜಗಳ ಆಡೋದು ನಾನು ಬೇಕಾದಷ್ಟು ನೋಡಿದೀನಿ, ಅದು ಬೇಕಾಗಿಲ್ಲ, ಅವ್ರು ಪ್ರೀತಿಯಿಂದ ಮಾಡೋದನ್ನ ಹೊತ್ತು ಬದಲಾಯಿಸಿ ತಟ್ಟೆಗೆ ಹಾಕ್ಕೊಂಡ್ರೆ ಸಾಕು. ಮಕ್ಕಳಿಗೆ ಬಸ್ ಇಳಿದ ತಕ್ಷಣ ಒಂದು ಸೇಬೋ ಕಿತ್ತಳೆಯೋ ಒಂದು ಲೋಟ ಹಾಲು, ನನಗೂ ಅತ್ತೆಗೂ ಸಕ್ಕರೆ ಇಲ್ಲದ ಟೀ ಇಲ್ಲಾಂದ್ರೆ ಜೀರಿಗೆ ನೀರು, ಆಮೇಲೆ ಐದೂವರೆ ಊಟ. ಹೀಟರ್ ಹಾಕಿದ ಮನೆಯ ಗಾಳಿ ತುಂಬಾ ಒಣಗಿರತ್ತೆ, ತುಟಿ ಒಡೆಯತ್ತೆ, ಗಂಟಲು ಒಣಗತ್ತೆ, ಎಷ್ಟೋ ಸಲ ನಮಗೆ ಆಗಿರೋದು ಬಾಯಾರಿಕೆ, ಕೈ ಹೋಗೋದು ತಿಂಡಿ ಡಬ್ಬಕ್ಕೆ. ಬಿಸಿನೀರಿನ ಫ್ಲಾಸ್ಕ್ ಟೇಬಲ್ ಮೇಲೇ ಇಟ್ಟಿದ್ದು ಬಹಳ ಸಹಾಯ ಆಯ್ತು.

ಊಟ ಏನು ಅಂದ್ರೆ ನಮ್ಮದೇ ಊಟ. ಅಕ್ಕಿ ರೊಟ್ಟಿ ದಿನ ನೋಡ್ಬೇಕಿತ್ತು ನೀವು. ಅತ್ತೆ ಒಂದು ಪಾವು ಅಕ್ಕಿಹಿಟ್ಟಿಗೆ ಹಿಟ್ಟಿಗಿಂತ ಜಾಸ್ತಿ ತರಕಾರಿ ಹಾಕೋಕೆ ಶುರು ಮಾಡಿದ್ರು, ತುರಿದ ಕ್ಯಾರೆಟ್, ಸಣ್ಣಗೆ ಹೆಚ್ಚಿದ ಎಲೆಕೋಸು, ಸಬ್ಬಸಿಗೆ ಸೊಪ್ಪು (ಇಲ್ಲಿ ಮಾಮೂಲಿ ಅಂಗಡೀಲೇ ಚಿಕ್ಕ ಕಟ್ಟು ಸಿಗತ್ತೆ, ದುಬಾರಿ ಆದ್ರೂ ಘಮ ಚೆನ್ನಾಗಿದೆ), ಹಸಿಮೆಣಸಿನಕಾಯಿ, ಜೀರಿಗೆ, ಬಿಸಿನೀರು ಹಾಕಿ ಕಲಸಿ ಕಾವಲಿ ಮೇಲೇ ತೆಳ್ಳಗೆ ತಟ್ಟಿ ಮಧ್ಯ ಬೆರಳಲ್ಲಿ ಮೂರು ತೂತು ಮಾಡಿ ಎಣ್ಣೆ ಬಿಡೋರು. ಆ ಎಣ್ಣೇನ ಮಾತ್ರ ನಾನು ಟೀ ಚಮಚದಲ್ಲಿ ಅಳೆದು ಕೊಡ್ತಿದ್ದೆ, ಒಂದು ರೊಟ್ಟಿಗೆ ಒಂದು ಚಮಚ. ಒಂದು ಟೀ ಚಮಚ ಎಣ್ಣೆ ಅಂದ್ರೆ 40 ಕ್ಯಾಲೊರಿ, ಬಾಟಲಿಯಿಂದ ನೇರ ಸುರಿದ್ರೆ ಗೊತ್ತಾಗದ ಹಾಗೆ ಮೂರು ಚಮಚ ಬಿದ್ದಿರತ್ತೆ. ಒಂದು ರೊಟ್ಟಿ, ಒಂದು ಬಟ್ಟಲು ಕಾಳು ಪಲ್ಯ, ಮೊಸರು, ನನಗೆ ಅಷ್ಟೇ ಸಾಕಾಗ್ತಿತ್ತು. ಬೇರೆ ದಿನ ಹುರುಳಿಕಾಳಿನ ಬಸ್ಸಾರು, ಹೆಸರುಕಾಳು ಉಸಲಿ, ಇಂಡಿಯನ್ ಸ್ಟೋರ್‌ನ ಫ್ರೀಜರ್‌ನಲ್ಲಿ ಸುರ್ತಿ ಪಾಪ್ಡಿ ಲಿಲ್ವಾ ಅಂತ ಪ್ಯಾಕೆಟ್ ಸಿಗತ್ತೆ, ಅದು ನಮ್ಮ ಅವರೆಕಾಳಿಗೆ ತುಂಬಾ ಹತ್ರ, ರಾತ್ರಿ ನೀರಲ್ಲಿ ಹಾಕಿಟ್ಟು ಮಗಳು ಮಗ ಇಬ್ಬರನ್ನೂ ಕೂರಿಸಿ ಹಿಸುಕಿಸಿದ್ರೆ ಹಿತಕಿದ ಬೇಳೆ ಸಾರು ರೆಡಿ. ಕಾಳು ಜಾಸ್ತಿ ಮಾಡಿದ್ದೇ ಮುಖ್ಯ, ಹೊಟ್ಟೆ ತುಂಬ ಹೊತ್ತು ತುಂಬಿದ ಹಾಗಿರತ್ತೆ, ಐದೂವರೆಗೆ ಉಂಡೋರಿಗೆ ಒಂಬತ್ತರ ತನಕ ತಡೀಬೇಕಲ್ಲ.

ರಾಗಿ ಬಗ್ಗೆ ಒಂದು ಮಾತು ಹೇಳ್ಲೇಬೇಕು. ಮುದ್ದೆ ತಿಂದ್ರೆ ತೂಕ ತಾನೇ ಇಳಿಯತ್ತೆ ಅಂತ ಬಹಳ ಜನ ಅಂದ್ಕೊಂಡಿದಾರೆ. 100 ಗ್ರಾಂ ರಾಗಿಹಿಟ್ಟಲ್ಲಿ 320 ಕ್ಯಾಲೊರಿ ಹತ್ರ ಇದೆ, ಅಷ್ಟೇ ಅಕ್ಕೀಲಿ 350 ಹತ್ರ, ಅಂಥ ದೊಡ್ಡ ವ್ಯತ್ಯಾಸ ಏನಿಲ್ಲ. ರಾಗೀಲಿ ನಾರು ಬಹಳ ಜಾಸ್ತಿ, ಕ್ಯಾಲ್ಸಿಯಂ ಬಹಳ ಜಾಸ್ತಿ, ಅದಕ್ಕೇ ಅದು ಒಳ್ಳೇದು, ಆದ್ರೆ ಗದ್ದೆ ಕೆಲಸ ಮಾಡೋರ ಸೈಜಿನ ಎರಡು ಮುದ್ದೆ ತಿಂದು ಲ್ಯಾಪ್‌ಟಾಪ್ ಮುಂದೆ ಕೂತ್ರೆ ಇಳಿಯೋದಿಲ್ಲ. ನಾನು ಕಿತ್ತಳೆ ಹಣ್ಣಿನ ಗಾತ್ರದ್ದು ಒಂದು ಮಾಡ್ಕೊಂಡು ಸೊಪ್ಪಿನ ಸಾರು ಎರಡು ಸೌಟು ಜಾಸ್ತಿ ಹಾಕ್ಕೋತಿದ್ದೆ.

ನಮ್ಮನೆಯವ್ರಿಗೆ ಈ ಐದೂವರೆ ಶುರುವಲ್ಲಿ ಹೊಂದ್ಲಿಲ್ಲ. ಅವ್ರ ಆಫೀಸ್ ಮಿನಿಯಾಪೊಲಿಸ್ ಡೌನ್‌ಟೌನ್‌ನಲ್ಲಿ, ಸ್ನೋ ಬಿದ್ದ ದಿನ ಅರ್ಧ ಗಂಟೆ ದಾರಿ ಒಂದೂವರೆ ಗಂಟೆ ಆಗತ್ತೆ. ಅವ್ರೇ ಕೊನೆಗೆ ಬೆಳಗ್ಗೆ ಏಳಕ್ಕೇ ಹೊರಟು ನಾಕಕ್ಕೆ ಮುಗಿಸೋ ಹಾಗೆ ಮಾಡ್ಕೊಂಡ್ರು, ಇಲ್ಲಿ ಬಹಳ ಆಫೀಸ್‌ಗಳಲ್ಲಿ ಬೇಗ ಬಂದು ಬೇಗ ಹೋಗೋದು ಸಹಜ, ನಮ್ಮ ಅಕ್ಕಪಕ್ಕದ ಮನೆಯವ್ರೂ ಐದೂವರೆ ಆರಕ್ಕೇ ಊಟ ಮಾಡೋದು. ತಡ ಆದ ದಿನ ನಾವು ಕಾಯ್ತಿರ್ಲಿಲ್ಲ, ಅವ್ರ ತಟ್ಟೆ ಮುಚ್ಚಿಟ್ಟು ಮಕ್ಕಳ ಜೊತೆ ನಾನು ಅತ್ತೆ ಉಂಡುಬಿಡೋದು. ಗಂಡಂಗೆ ಕಾಯ್ತಾ ಕಾಯ್ತಾ ಕುರುಕಲು ತಿನ್ನೋ ಪದ್ಧತಿ ನಮ್ಮ ಹೆಂಗಸ್ರು ಬಿಡ್ಬೇಕು, ಇದನ್ನ ನಾನು ಎಲ್ಲರಿಗೂ ಹೇಳ್ತೀನಿ. ನಮ್ಮನೆಯವ್ರು ಮಧ್ಯಾಹ್ನ ಡೌನ್‌ಟೌನ್‌ನ ಸ್ಕೈವೇನಲ್ಲಿ ನಡೆಯೋಕೆ ಶುರು ಮಾಡಿದ್ರು. ಎರಡನೇ ಮಹಡಿ ಎತ್ತರದಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಗಾಜಿನ ಸೇತುವೆ, ಒಟ್ಟು 9 ಮೈಲಿಗೂ ಮೇಲೆ ಇದೆ, ಸುಮಾರು 80 ಬ್ಲಾಕ್ ಸೇರಿಸತ್ತೆ, ಹೊರಗೆ ಮೈನಸ್ 20 ಇದ್ರೂ ಅಂಗಿಯಲ್ಲೇ ನಡೀಬಹುದು. ಸಬರ್ಬ್‌ನಲ್ಲಿರೋರು ಮಾಲ್‌ಗಳಲ್ಲಿ ಬೆಳಗ್ಗೆ ಅಂಗಡಿ ತೆಗೆಯೋ ಮುಂಚೆ ನಡೀತಾರೆ, ವಯಸ್ಸಾದೋರು ಗುಂಪು ಗುಂಪಾಗಿ ಬರ್ತಾರೆ, ಅತ್ತೆನ ಶನಿವಾರ ನಾವು ಹಾಗೆ ಕರ್ಕೊಂಡು ಹೋಗ್ತಿದ್ವಿ, ಅವ್ರಿಗೆ ಐಸ್ ಮೇಲೆ ಕಾಲಿಡಿಸೋ ಧೈರ್ಯ ನನಗೆ ಇರ್ಲಿಲ್ಲ.

ಇನ್ನು ಊಟ ಆದ್ಮೇಲೆ ಏನು? ಬೇಗ ಊಟ ಮಾಡಿ ಸೋಫಾ ಮೇಲೆ ಕೂತ್ರೆ ಎಂಟಕ್ಕೆ ಮತ್ತೆ ಬಾಯಿ ಬೇಡತ್ತೆ. ಅದಕ್ಕೆ ಆರೂಕಾಲಿಗೆ ಹೊರಗೆ ಹೋಗೋದು ಅಂತ ಇಟ್ಕೊಂಡ್ವಿ. ಊಟ ಆದ್ಮೇಲೆ ಹದಿನೈದು ಇಪ್ಪತ್ತು ನಿಮಿಷ ನಡೆದ್ರೆ ರಕ್ತದಲ್ಲಿ ಸಕ್ಕರೆ ಏರೋದು ಕಮ್ಮಿ ಆಗತ್ತೆ, ನನ್ನಂಥೋರಿಗೆ ಅದೇ ಬೇಕಾಗಿರೋದು. ಮಕ್ಕಳನ್ನ ರೆಡಿ ಮಾಡೋದೇ ಒಂದು ದೊಡ್ಡ ಕೆಲಸ: ಒಳಗೆ ಮೈಗಂಟೋ ಥರ್ಮಲ್, ಅದರ ಮೇಲೆ ಫ್ಲೀಸ್, ಸ್ನೋ ಪ್ಯಾಂಟ್, ಉಣ್ಣೆ ಸಾಕ್ಸ್, ಬೂಟು, ಜಾಕೆಟ್, ಟೋಪಿ, ಕುತ್ತಿಗೆ ಪಟ್ಟಿ, ಕೊನೆಗೆ ಮಿಟನ್ಸ್. ಮಗನಿಗೆ ಎಲ್ಲಾ ಹಾಕಿ ಮುಗಿಸಿ ನಾನು ಬೂಟು ಹಾಕ್ಕೊಳೋಷ್ಟರಲ್ಲಿ ಅವನಿಗೆ ಬಾತ್‌ರೂಮ್. ಹಾಗಾಗಿ ಕ್ರಮ ಹಾಕ್ಕೊಂಡ್ವಿ, ಊಟ ಮುಗಿದ ತಕ್ಷಣ ಬಾತ್‌ರೂಮ್, ಆಮೇಲೆ ಬಟ್ಟೆ, ಮಗಳು ತಮ್ಮನ ಜಿಪ್ ಹಾಕೋದು, ಮಿಟನ್ಸ್ ಎಲ್ಲಾ ಹೀಟರ್ ಗಾಳಿ ಬರೋ ಜಾಗದ ಪಕ್ಕ ಒಣಗಿಸಿ ಇಟ್ಟಿರೋದು. ಮೈಗೆ ತಾಗೋ ಬಟ್ಟೆ ಹತ್ತಿಯದ್ದು ಬೇಡ, ಬೆವರು ಹಿಡ್ಕೊಂಡು ತಣ್ಣಗಾಗಿ ನಡುಕ ಬರತ್ತೆ. ನನ್ನ ಬೂಟಿಗೆ ಐಸ್ ಹಿಡಿಯೋ ಮುಳ್ಳಿನ ಕ್ಲೀಟ್ಸ್ ಹಾಕ್ಕೊಂಡೆ, ನಲವತ್ತು ದಾಟಿದ ಹೆಂಗಸ್ರು ಇದಿಲ್ಲದೆ ಜನವರೀಲಿ ಹೊರಗೆ ನಡೀಲೇಬಾರ್ದು, ಬಿದ್ದು ಮಣಿಕಟ್ಟು ಮುರಿದ್ರೆ ತೂಕ ಇಳಿಸೋದು ಅಲ್ಲಿಗೇ ನಿಲ್ಲತ್ತೆ.

ಎಷ್ಟು ಚಳಿ ತನಕ ಹೋಗ್ಬಹುದು ಅಂತ ನಾವು ಒಂದು ಗೆರೆ ಹಾಕ್ಕೊಂಡಿದ್ವಿ. ಗಾಳಿ ಸೇರಿಸಿ ಮೈನಸ್ 28 ಸೆಲ್ಸಿಯಸ್ ಹತ್ರ ಬಂದ್ರೆ ಮುಚ್ಚದ ಚರ್ಮಕ್ಕೆ ಅರ್ಧ ಗಂಟೇಲಿ ಫ್ರಾಸ್ಟ್‌ಬೈಟ್ (ಚರ್ಮ ಹೆಪ್ಪುಗಟ್ಟೋದು) ಆಗ್ಬಹುದು ಅಂತ ಹವಾಮಾನ ಇಲಾಖೆಯ ಪಟ್ಟೀಲೇ ಇದೆ. ಮಕ್ಕಳ ಸ್ಕೂಲಲ್ಲಿ ಸೊನ್ನೆ ಫ್ಯಾರನ್‌ಹೀಟ್, ಅಂದ್ರೆ ಮೈನಸ್ 18 ಸೆಲ್ಸಿಯಸ್‌ಗಿಂತ ಕೆಳಗಾದ್ರೆ ಆಟಕ್ಕೆ ಹೊರಗೆ ಬಿಡಲ್ಲ, ನಾವೂ ಅದನ್ನೇ ಇಟ್ಕೊಂಡ್ವಿ. ಅದಕ್ಕಿಂತ ಚಳಿ ಇದ್ದ ದಿನ ಮನೆಯ ಬೇಸ್‌ಮೆಂಟ್ ಮೆಟ್ಟಿಲು ಹತ್ತಿ ಇಳಿಯೋದು, ಮಗಳು ಹಾಡು ಹಾಕೋಳು, ಅತ್ತೆ ಕೂತು ಮಗ್ಗಿ ಹೇಳಿಸೋರು, ಒಂದು ಮಗ್ಗಿಗೆ ಎರಡು ಸಲ ಹತ್ತಿ ಇಳೀಬೇಕು. ಹದಿನಾರರ ಮಗ್ಗಿ ನನ್ನ ಮಗಳಿಗೆ ಬಂದಿದ್ದೇ ಆ ಮೆಟ್ಟಿಲ ಮೇಲೆ.

ಒಳ್ಳೆ ದಿನಗಳಲ್ಲಿ ನಮ್ಮ ಪಾರ್ಕಿನ ದಿಬ್ಬದಲ್ಲಿ ಸ್ಲೆಡ್ಡಿಂಗ್. ಇದರ ಬಗ್ಗೆ ಎಷ್ಟು ಹೇಳಿದ್ರೂ ಸಾಲದು. ಪ್ಲಾಸ್ಟಿಕ್ ಸ್ಲೆಡ್ ಮೇಲೆ ಕೂತು ಜಾರಿ ಬರೋಕೆ ಹತ್ತು ಸೆಕೆಂಡ್, ಮತ್ತೆ ಮೇಲೆ ಹತ್ತೋಕೆ ಮೂರು ನಿಮಿಷ, ಮೊಣಕಾಲು ತನಕ ಹೂತುಹೋಗೋ ಸ್ನೋನಲ್ಲಿ, ಒಂದು ಕೈಲಿ ಸ್ಲೆಡ್‌ನ ಹಗ್ಗ ಇನ್ನೊಂದು ಕೈಲಿ ಮಗ. ನಾಕನೇ ಸಲ ಹತ್ತುವಾಗ ತೊಡೆ ಉರಿಯತ್ತೆ, ಉಸಿರು ಹೊಗೆ ಹೊಗೆಯಾಗಿ ಬರತ್ತೆ, ಜಾಕೆಟ್ ಜಿಪ್ ಅರ್ಧ ಬಿಚ್ಚೋಣ ಅನ್ನಿಸತ್ತೆ, ಹೊರಗೆ ಮೈನಸ್ 8 ಇದ್ರೂ. ಮಗ ಕೆಳಗೆ ಬಿದ್ದು "ಅಮ್ಮಾ ಇನ್ನೊಂದ್ಸಲ" ಅಂತ ಕೂಗ್ತಿದ್ರೆ ಎಕ್ಸರ್‌ಸೈಜ್ ಮಾಡ್ತಿದೀನಿ ಅನ್ನೋದೇ ಮರೆತುಹೋಗತ್ತೆ. ಸ್ನೋ ಇದ್ರೆ ರಾತ್ರೀನೂ ಕತ್ತಲಿರಲ್ಲ, ಬೀದಿ ದೀಪದ ಬೆಳಕು ಬಿಳಿ ನೆಲದ ಮೇಲೆ ಬಿದ್ದು ಎಲ್ಲಾ ಕಡೆ ತಿಂಗಳ ಬೆಳಕು ಚೆಲ್ಲಿದ ಹಾಗಿರತ್ತೆ. ಪಾರ್ಕುಗಳಲ್ಲಿ ಫ್ರೀ ಸ್ಕೇಟಿಂಗ್ ರಿಂಕ್ ಮಾಡಿರ್ತಾರೆ, ಪಕ್ಕದಲ್ಲೇ ಮೈ ಬೆಚ್ಚಗೆ ಮಾಡ್ಕೊಳೋಕೆ ಒಂದು ಮನೆ, ಮಗಳು ಅಲ್ಲಿ ಕಲಿತ್ಲು. ಕೆರೆ ಮೇಲೆ ಮಾತ್ರ ಹೊಸ ಗಟ್ಟಿ ಐಸ್ ಕನಿಷ್ಠ 4 ಇಂಚು ಆಗೋ ತನಕ ಕಾಲಿಡ್ಬಾರ್ದು ಅಂತ ಇಲ್ಲಿನವ್ರ ಸಲಹೆ, ನಾವಂತೂ ಜನವರಿ ತನಕ ಹೋಗ್ಲೇ ಇಲ್ಲ.

ಸ್ನೋ ತೆಗೆಯೋದು ಕೂಡ ವ್ಯಾಯಾಮಾನೇ, ಆದ್ರೆ ಅದರ ಬಗ್ಗೆ ಎಚ್ಚರಿಕೆಯಿಂದ ಬರೀತೀನಿ. ನಮ್ಮ ಡ್ರೈವ್‌ವೇ (ರಸ್ತೆಯಿಂದ ಗ್ಯಾರೇಜ್ ತನಕದ ಗಾಡಿ ದಾರಿ) 40 ಅಡಿ ಉದ್ದ 16 ಅಡಿ ಅಗಲ, ಅದರ ಮೇಲೆ ಆರು ಇಂಚು ಸ್ನೋ ಬಿದ್ರೆ, ಹೊಸ ಸ್ನೋ ನೀರಿನ ಹತ್ತನೇ ಒಂದು ಭಾಗ ತೂಕ ಅಂತ ಹಿಡಿದ್ರೂ 900 ಕೇಜಿ ಆಗತ್ತೆ. ಮಾರ್ಚ್‌ನ ಒದ್ದೆ ಸ್ನೋ ಆದ್ರೆ ಅದರ ಎರಡರಷ್ಟು. ನಾವು ಗುಡಿಸಿ ಮುಗಿಸಿದ್ಮೇಲೆ ನಗರದ ಪ್ಲೋ ಗಾಡಿ ಬಂದು ರಸ್ತೆಯ ಗಟ್ಟಿ ಸ್ನೋ ಎಲ್ಲಾ ನಮ್ಮ ಡ್ರೈವ್‌ವೇ ಬಾಯಿಗೆ ತಳ್ಳಿ ಹೋಗತ್ತೆ, ಅದಂತೂ ಕಲ್ಲು. ಅರ್ಧ ಗಂಟೆ ಸನಿಕೆ ಹಿಡಿದ್ರೆ 200 ಕ್ಯಾಲೊರಿ ಆಸುಪಾಸು ಖರ್ಚಾಗತ್ತೆ ನಿಜ. ಆದ್ರೆ ಚಳಿಗೆ ರಕ್ತನಾಳ ಬಿಗಿಯಾಗತ್ತೆ, ಬಿಪಿ ಏರತ್ತೆ, ಅದರ ಮೇಲೆ ಉಸಿರು ಬಿಗಿಹಿಡಿದು ತೋಳಿನ ಬಲದಲ್ಲಿ ಭಾರ ಎತ್ತಿದ್ರೆ ಹೃದಯಕ್ಕೆ ತುಂಬಾ ಒತ್ತಡ, ಪ್ರತಿ ಚಳಿಗಾಲ ಸ್ನೋ ತೆಗೀತಾ ಹಾರ್ಟ್ ಅಟ್ಯಾಕ್ ಆಗೋ ಸುದ್ದಿ ಬರತ್ತೆ. ನಮ್ಮ ಕಡೆಯ ಎಷ್ಟೋ ಗಂಡಸ್ರಿಗೆ ನಲವತ್ತರಲ್ಲೇ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಇರತ್ತೆ, ವರ್ಷಪೂರ್ತಿ ಕೂತಿದ್ದು ಒಂದಿನ ಬೆಳಗ್ಗೆ ಎದ್ದು ಒಂದು ಟನ್ ಸ್ನೋ ಎತ್ತೋಕೆ ಹೋಗ್ತಾರೆ. ನಮ್ಮನೇಲಿ ದಪ್ಪ ಸ್ನೋಗೆ ಸ್ನೋ ಬ್ಲೋವರ್ ಮಷಿನ್, ಎರಡು ಮೂರು ಇಂಚಿನದಕ್ಕೆ ನಾನು ಸನಿಕೇಲಿ ತಳ್ಳೋದು, ಎತ್ತಿ ಎಸೆಯೋದಿಲ್ಲ, ಬೀಳ್ತಿರುವಾಗ್ಲೇ ಎರಡು ಸಲ ತಳ್ಳಿಬಿಟ್ರೆ ಭಾರ ಆಗಲ್ಲ, ಊಟ ಆದ ತಕ್ಷಣ ಅಂತೂ ಮುಟ್ಟಲ್ಲ. ಎದೆ ಬಿಗಿಯೋದು, ಎಡಗೈ ನೋವು, ತಣ್ಣನೆ ಬೆವರು ಬಂದ್ರೆ ಸನಿಕೆ ಅಲ್ಲೇ ಬಿಟ್ಟು ಇಲ್ಲಿನ ತುರ್ತು ನಂಬರ್ 911ಗೆ ಫೋನ್ ಮಾಡಿ, ದಯವಿಟ್ಟು.

ಸ್ನೋ ಡೇ ದಿನಗಳು ಬೇರೆ ಪಾಠ. ಸ್ಕೂಲ್ ರಜ, ಎಲ್ಲರೂ ಮನೇಲಿ, ಆ ವರ್ಷ ಫೆಬ್ರವರಿ ಕೊನೇಲಿ ಬಂದ ದೊಡ್ಡ ಸ್ನೋಗೆ ದಿನಗಟ್ಲೆ ಒಳಗೇ ಇದ್ವಿ. ಅಂಥ ದಿನ ಬೆಳಗಿಂದ ರಾತ್ರಿ ತನಕ ಫ್ರಿಡ್ಜ್ ಬಾಗಿಲು ಮುಚ್ಚೋದೇ ಇಲ್ಲ. ನಾನು ಕಂಡ್ಕೊಂಡ ದಾರಿ ಅಂದ್ರೆ ರಜ ಇದ್ರೂ ಬೆಳಗ್ಗೆ ಎದ್ದು ಎಲ್ಲರಿಗೂ ಡಬ್ಬಿ ಕಟ್ಟಿಬಿಡೋದು, ನನಗೂ ಸೇರಿಸಿ. ಚಪಾತಿ ಪಲ್ಯ, ಮೊಸರನ್ನ, ಸೌತೆಕಾಯಿ, ಒಂದು ಹಣ್ಣು. ಹನ್ನೊಂದೂವರೆಗೆ ಸ್ಕೂಲ್ ಥರಾನೇ ಡಬ್ಬಿ ತೆಗೆಯೋದು, ಮಕ್ಕಳಿಗೆ ಅದೇ ಒಂದು ಆಟ, ಟೇಬಲ್ ಕೆಳಗೆ ಕೂತು ತಿಂದಿದ್ದೂ ಇದೆ. ಬಿರುಗಾಳಿ ಎಚ್ಚರಿಕೆ ಬಂದ ತಕ್ಷಣ ಅಂಗಡೀಲಿ ಜನ ಬ್ರೆಡ್ಡು ಚಿಪ್ಸು ತುಂಬ್ಕೊಳ್ತಾರೆ, ನಾನು ತರ್ತಿದ್ದಿದ್ದು ಎಲೆಕೋಸು, ಕ್ಯಾರೆಟ್, ಮೊಟ್ಟೆ, ಮೊಸರು, ಫ್ರೋಜನ್ ಪಾಲಕ್ ಮತ್ತೆ ಮೆಂತ್ಯ. ಮನೇಲಿ ಇರೋದನ್ನೇ ತಾನೇ ತಿನ್ನೋದು, ಹೊರಗೆ ಹೋಗೋಕೆ ಆಗಲ್ವಲ್ಲ, ಸ್ನೋ ಈ ವಿಷ್ಯದಲ್ಲಿ ನಮ್ಮ ಪರವಾಗೇ ಕೆಲಸ ಮಾಡತ್ತೆ.

ಸಂಕ್ರಾಂತಿಗೆ ಅತ್ತೆ ತಿಪಟೂರಿಂದ ತಂದಿದ್ದ ಕೊಬ್ಬರಿ ಹೆಚ್ಚಿ ಎಳ್ಳುಬೆಲ್ಲ ಮಾಡಿದ್ರು. ಕೊಬ್ಬರಿ, ಕಡ್ಲೆಕಾಯಿ ಬೀಜ, ಎಳ್ಳು, ಬೆಲ್ಲ, ಹುರಿಗಡಲೆ, ಇದು 100 ಗ್ರಾಂಗೆ 500 ಕ್ಯಾಲೊರಿ ಹತ್ರ ಬರತ್ತೆ. ಅದನ್ನ ಬಿಡೋ ಪ್ರಶ್ನೇನೇ ಇಲ್ಲ, ಎಳ್ಳು ಬೀರೋದು ನಮ್ಮ ಹಬ್ಬ, ಮಗಳು ಲಂಗ ಜಾಕೀಟಿನ ಮೇಲೆ ದಪ್ಪ ಕೋಟು ಹಾಕ್ಕೊಂಡು ಸ್ನೋನಲ್ಲಿ ಮನೆಮನೆಗೆ ಎಳ್ಳು ಸಕ್ಕರೆ ಅಚ್ಚು ಕೊಟ್ಟು ಬಂದ್ಲು, ಅದನ್ನ ನೋಡಿ ಅತ್ತೆ ಕಣ್ಣಲ್ಲಿ ನೀರು. ನಾವು ಮಾಡಿದ್ದು ಇಷ್ಟೇ, ಚಿಕ್ಕ ಬಟ್ಟಲಲ್ಲಿ ಹಾಕ್ಕೊಂಡು ಕೂತು ತಿಂದ್ವಿ, ಉಳಿದಿದ್ದೆಲ್ಲಾ ಆ ವಾರಾನೇ ಹಂಚಿಬಿಟ್ವಿ, ಡಬ್ಬದಲ್ಲಿ ತುಂಬಿ ಅಡುಗೆಮನೆ ಕಟ್ಟೆ ಮೇಲೆ ಇಡ್ಲಿಲ್ಲ.

ವಾರಾಂತ್ಯದಲ್ಲಿ ಒಬ್ಬೊಬ್ಬರು ಒಂದೊಂದು ಅಡುಗೆ ತರೋ ಪಾಟ್‌ಲಕ್‌ಗಳಿಗೆ ನಾನು ಐದೂವರೆಗೆ ಮನೇಲಿ ಒಂದು ಬಟ್ಟಲು ಸಾರು ಕಾಳು ತಿಂದೇ ಹೋಗ್ತಿದ್ದೆ, ಅಲ್ಲಿ ಒಂಬತ್ತಕ್ಕೆ ಬಿಸಿಬೇಳೆಬಾತ್ ಎರಡು ಚಮಚ ಹಾಕ್ಕೊಂಡ್ರೆ ಯಾರಿಗೂ ಬೇಜಾರಿಲ್ಲ. ನಮ್ಮನೆಯಿಂದ ಯಾವಾಗ್ಲೂ ಕೋಸಂಬರಿ.

ತೂಕ ನೋಡ್ತಿದ್ದಿದ್ದು ಭಾನುವಾರ ಬೆಳಗ್ಗೆ ಮಾತ್ರ, ಕಾಫಿಗೆ ಮುಂಚೆ, ತೆಳು ಬಟ್ಟೇಲಿ. ಚಳಿಗಾಲದಲ್ಲಿ ಇದು ಮುಖ್ಯ, ಸ್ವೆಟರ್ ಜೀನ್ಸ್ ದಪ್ಪ ಸಾಕ್ಸ್ ಸೇರಿದ್ರೆ ಒಂದೂವರೆ ಕೇಜಿ ಅದೇ ಇರತ್ತೆ, ಕ್ಲಿನಿಕ್‌ನ ತೂಕ ನೋಡಿ ಗಾಬರಿ ಆಗ್ಬೇಡಿ. ಇಳಿದಿದ್ದು ವಾರಕ್ಕೆ ಕಾಲು ಕೇಜಿ ಲೆಕ್ಕದಲ್ಲಿ, ಜನವರಿ ಪೂರ್ತಿ ಒಂದು ಚೂರೂ ಅಲ್ಲಾಡ್ಲಿಲ್ಲ, ಆದ್ರೆ ಸೊಂಟದ ಟೇಪ್ ಮಾತ್ರ ಇಳೀತಿತ್ತು, ಹಾಗಾಗಿ ಧೈರ್ಯ ಇತ್ತು. ಜನವರಿ ಕಷ್ಟದ ತಿಂಗಳು, ಬಿಸಿಲೇ ಇಲ್ಲದೆ ಮನಸ್ಸು ಕುಗ್ಗತ್ತೆ, ಸುಮ್ಮಸುಮ್ಮನೆ ಅಳು ಬರತ್ತೆ, ಇದನ್ನ ಮುಚ್ಚಿಡ್ಬಾರ್ದು. ಮಧ್ಯಾಹ್ನ ಊಟದ ಬ್ರೇಕ್‌ನಲ್ಲಿ ಹತ್ತು ನಿಮಿಷ ಆದ್ರೂ ಬೆಳಕಲ್ಲಿ ಹೊರಗೆ ನಿಂತು ಬರ್ತಿದ್ದೆ, ಡಾಕ್ಟರ್ ಹೇಳಿದ ವಿಟಮಿನ್ ಡಿ ಮಾತ್ರೆ ತಗೊಂಡೆ. ಇಷ್ಟು ಉತ್ತರದಲ್ಲಿ ನಡು ಚಳಿಗಾಲದ ಬಿಸಿಲಿಗೆ ನಮ್ಮ ಚರ್ಮ ವಿಟಮಿನ್ ಡಿ ತಯಾರು ಮಾಡೋದೇ ಇಲ್ಲ ಅನ್ನಬಹುದು, ನಮ್ಮ ಬಣ್ಣಕ್ಕಂತೂ ಇನ್ನೂ ಕಷ್ಟ. ಅದು ತೂಕಕ್ಕೆ ಔಷಧಿ ಅಲ್ಲ, ಕೊರತೆ ಇದ್ದಿದ್ದಕ್ಕೆ.

ಮಾರ್ಚ್ 12ಕ್ಕೆ ಗಡಿಯಾರ ಮತ್ತೆ ಮುಂದಕ್ಕೆ ಹೋಯ್ತು, ಒಂದೇ ರಾತ್ರೀಲಿ ಸೂರ್ಯ ಮುಳುಗೋದು ಏಳೂಕಾಲಿಗೆ. ದೀಪದ ಹಿಂದೆ ಊಟ ಅಂತ ಇಟ್ಕೊಂಡ್ರೆ ಮತ್ತೆ ಎಂಟೂವರೆ ಆಗಿಬಿಡತ್ತೆ. ಅತ್ತೆನೇ ಹೇಳಿದ್ರು, "ಊಟ ಮೊದ್ಲು ಆಗ್ಲಿ ಬಿಡಮ್ಮಾ, ದೀಪ ಆಮೇಲೆ ಹಚ್ತೀನಿ, ದೇವ್ರೇನೂ ಬೇಜಾರ್ ಮಾಡ್ಕೊಳಲ್ಲ." ಆರು ಗಂಟೆಗೆ ಊಟ ಅಂತ ಮಾಡಿದ್ವಿ. ಏಪ್ರಿಲ್‌ನಲ್ಲಿ ಅವ್ರು ಊರಿಗೆ ಹೊರಡೋ ಹೊತ್ತಿಗೆ ನನ್ನ ತೂಕ 62.5, ಮೇ ತಿಂಗಳ ರಕ್ತ ಪರೀಕ್ಷೇಲಿ ಎಚ್‌ಬಿಎ1ಸಿ 5.6. ನಮ್ಮನೆಯವ್ರದ್ದೂ ನಾಕು ಕೇಜಿ ಇಳಿದಿತ್ತು, ಅವ್ರು ಯಾವ ಡಯಟ್ಟೂ ಮಾಡಿರ್ಲಿಲ್ಲ, ನಮ್ಮ ಜೊತೆ ಅದೇ ಹೊತ್ತಿಗೆ ಅದೇ ಊಟ ಮಾಡಿದ್ರು ಅಷ್ಟೇ. ಜೂನ್‌ನಲ್ಲಿ ಇಲ್ಲಿ ರಾತ್ರಿ ಒಂಬತ್ತಕ್ಕೆ ಕತ್ತಲಾಗತ್ತೆ, ಆಗ್ಲೂ ನಮ್ಮ ಊಟ ಆರೂವರೆಗೇ, ಆಮೇಲೆ ಮಕ್ಕಳು ಸೈಕಲ್ಲು ನಾವು ಹಿಂದೆ ನಡಿಗೆ. ಈ ಸಲ ನವೆಂಬರ್‌ಗೆ ನಮ್ಮಮ್ಮ ಬರ್ತಿದಾರೆ, ಅವ್ರಿಗೆ ಟಿಕೆಟ್ ಬುಕ್ ಮಾಡುವಾಗ್ಲೇ ಹೇಳಿದೀನಿ, ಬ್ಯಾಗಲ್ಲಿ ಚಕ್ಲಿ ಬದ್ಲು ಹುರುಳಿಕಾಳು ತುಂಬ್ಕೊಂಡು ಬಾ ಅಂತ.